ಪ್ರಶಾಂತ ಅಕ್ಷಿಪಟಲ

ಅಕ್ಷಿಪಟಲವೆಂಬುದು ಕಣ್ಣಿನ ಹಿಂಗೋಡೆಗೆ ಅಂಟಿಕೊಂಡು, ನೋಡುವ ಕೆಲಸವನ್ನು ನಿರ್ವಹಿಸುವ ತೆಳುವಾದ ಪರದೆ. ಅದಕ್ಕೆ ಕಂಡಿತೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ನಮ್ಮ ಕಣ್ಣಾಸ್ಪತ್ರೆಯ ಔಷಧ ಸುರಕ್ಷತಾ ಸಮಿತಿಗೆ ಸೇರಿದ್ದು.

ಕಣ್ಣೊಳಗೆ ಕೀವಾದಾಗ ನೇರವಾಗಿ ಕಣ್ಣಿಗೇ ಚುಚ್ಚುವ ಹೊಸ ಆಂಟಿಬಯೋಟಿಕ್ ಬಂದಿತ್ತು. ಮೊಲಗಳ ಮೇಲೆ ಅದನ್ನು ಪರೀಕ್ಷಿಸಿದ ಡಾಕ್ಟರಮ್ಮ ಸಮಿತಿಯೆದುರು ವರದಿ ಒಪ್ಪಿಸಿದರು.

"ಸರ್, ಔಷಧ ಕೀವನ್ನೇನೋ ಕೊಲ್ಲುತ್ತೆ. ಆದ್ರೆ ಬಾಟಲಿ ಮೇಲೆ ಬರೆದಷ್ಟು ಕೊಟ್ರೆ ಅಕ್ಷಿಪಟಲಾನೂ ಸಾಯುತ್ತೆ. ಕಣ್ಣಿಗೆ ಬೆಳಕು ಬಿಟ್ಟಾಗ ಯಂತ್ರದ ಗೆರೆಯಲ್ಲಿ ಅಲೆ ಏಳಬೇಕು. ಇಲ್ಲಿ ಗೆರೆ ನೆಟ್ಟಗೆ ಮಲಗಿದೆ. ಕೀವು ಹೋಗೋಕೆ ಹತ್ತರಲ್ಲೊಂದು ಪಾಲು ಸಾಕು."

ಅಧ್ಯಕ್ಷರು ಗೆರೆಯನ್ನು ಮೆಚ್ಚುಗೆಯಿಂದ ನೋಡಿದರು. "ಅಲೆ ಇಲ್ಲ ಅಂದ್ರೆ ಗಲಾಟೆ ಇಲ್ಲ ಅಂತ ತಾನೇ? ಇಷ್ಟು ಪ್ರಶಾಂತವಾದ ಅಕ್ಷಿಪಟಲ ನಾನು ನೋಡೇ ಇಲ್ಲಮ್ಮ."

"ಮೊಲ ಕುರುಡಾಗಿದೆ ಸರ್."

"ಹಾಗಂತ ಅದು ದೂರು ಕೊಟ್ಟಿದೆಯಾ?"

ಕೊಟ್ಟಿರಲಿಲ್ಲ. ಆದರೂ ನಿಷ್ಪಕ್ಷಪಾತದ ದೃಷ್ಟಿಯಿಂದ ಮೊಲವನ್ನೇ ಸಭೆಗೆ ಕರೆಸಲಾಯಿತು. ಅದು ಕುಪ್ಪಳಿಸಿ ಹೋಗಿ ಮೇಜಿನ ಕಾಲಿಗೆ ಢಿಕ್ಕಿ ಹೊಡೆಯಿತು. ಮೇಜು ಅಡ್ಡವಾಗಿದೆಯೆಂದು ನಿರ್ಣಯಿಸಿ ಮೇಜನ್ನು ಹೊರಗಿಡಿಸಲಾಯಿತು. ಬಳಿಕ ಮೊಲ ಅಧ್ಯಕ್ಷರ ಬೂಟಿಗೆ ತಲೆ ಗುದ್ದಿ ನಿಂತಿತು. ಇದನ್ನು ನಮಸ್ಕಾರವೆಂದು ಪರಿಗಣಿಸಿ ಔಷಧಕ್ಕೆ ಒಪ್ಪಿಗೆ ನೀಡಲಾಯಿತು. ಪ್ರಮಾಣ ಇಳಿಸುವುದು ಮಾತ್ರ ಸಾಧ್ಯವಾಗಲಿಲ್ಲ. ಲೇಬಲ್‌ಗಳು ಆಗಲೇ ಅಚ್ಚಾಗಿದ್ದವು.

ಆ ವಾರವೇ ದರ್ಜಿಯೊಬ್ಬ ಬಲಗಣ್ಣಲ್ಲಿ ಕೀವು ತುಂಬಿಕೊಂಡು ಬಂದ. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು.

"ಇವರಿಗಿರೋದು ಒಂದೇ ಕಣ್ಣು ತಾಯಿ," ಎಂದಳು ಹೆಂಡತಿ. "ಏನಾದ್ರೂ ಮಾಡಿ."

ಡಾಕ್ಟರಮ್ಮ ಲೇಬಲ್‌ನಲ್ಲಿದ್ದಷ್ಟೂ ಔಷಧವನ್ನು ಸಿರಿಂಜಿಗೆ ತುಂಬಿಕೊಂಡರು. ಬಾಗಿಲತ್ತ ಒಮ್ಮೆ ನೋಡಿ, ಒಂಬತ್ತು ಪಾಲನ್ನು ತೊಟ್ಟಿಗೆ ಚೆಲ್ಲಿ, ಉಳಿದೊಂದನ್ನು ಚುಚ್ಚಿದರು. ಕೆಲವು ದಿನಗಳಲ್ಲಿ ಕೀವು ಕರಗಿತು. ದರ್ಜಿ ಕಣ್ಣು ಕಿರಿದುಮಾಡಿ ಅವರನ್ನೇ ನೋಡಿ ಹೇಳಿದ: "ಡಾಕ್ಟರಮ್ಮ, ನಿಮ್ಮ ಕೋಟಿನ ಎರಡನೇ ಗುಂಡೀನ ಯಾರೋ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಾರೆ." ಡಾಕ್ಟರಮ್ಮನಿಗೆ ಅಳು ಬಂತು.

ಸುದ್ದಿ ಸಮಿತಿಗೆ ಮುಟ್ಟಿತು. ಡಾಕ್ಟರಮ್ಮ, ದರ್ಜಿ, ಅವನ ಹೆಂಡತಿ ಮೂವರನ್ನೂ ಕರೆಸಿ ವಿಚಾರಣೆ ನಡೆಸಲಾಯಿತು.

"ಈ ಕಣ್ಣಲ್ಲಿ ಅನುಮೋದಿತ ಪ್ರಶಾಂತತೆ ಇಲ್ಲ," ಎಂದರು ಅಧ್ಯಕ್ಷರು ನೊಂದು. "ಪೂರ್ತಿ ಔಷಧ ತಗೊಂಡ ಉಳಿದ ರೋಗಿಗಳೆಲ್ಲ ತಮ್ಮ ಪಾಡಿಗೆ ಗೋಡೆ ಹಿಡ್ಕೊಂಡು ಹೋಗ್ತಿದ್ದಾರೆ. ಇವರೊಬ್ಬರು ಗೋಡೆ ಮೇಲಿನ ಬೋರ್ಡ್ ಓದ್ತಾರಂತೆ! ಬಾಕಿ ಒಂಬತ್ತು ಪಾಲು ಇವತ್ತೇ ಕೊಟ್ಟು ಮುಗಿಸಿ."

"ಕೊಡಲ್ಲ ಸರ್," ಎಂದರು ಡಾಕ್ಟರಮ್ಮ.

ಸಮಿತಿ ನಿಯಮಪುಸ್ತಕ ತಿರುವಿಹಾಕಿತು. ಈ ಉತ್ತರಕ್ಕೆ ಯಾವ ನಿಯಮವೂ ಇರಲಿಲ್ಲ. ಆಗ ದರ್ಜಿಯ ಹೆಂಡತಿ ಸೆರಗು ಸರಿಪಡಿಸಿಕೊಂಡು ಕೇಳಿದಳು: "ಆಸ್ಪತ್ರೆ ಒಳಗಿರೋವಷ್ಟು ಹೊತ್ತು ಇವರು ಕಣ್ಣು ಮುಚ್ಕೊಂಡಿರ್ತಾರೆ. ಆದೀತಾ ಸ್ವಾಮಿ?"

ಆದೀತು ಎಂದು ಸಮಿತಿ ಸರ್ವಾನುಮತದಿಂದ ನಿರ್ಧರಿಸಿತು.

ಈಗ ಡಾಕ್ಟರಮ್ಮನ ರೋಗಿಗಳೆಲ್ಲ ಇದೇ ಕ್ರಮ ಪಾಲಿಸುತ್ತಾರೆ. ಗೇಟಿನೊಳಗೆ ಕಣ್ಣು ಮುಚ್ಚಿ, ಮನೆಯವರ ಹೆಗಲು ಹಿಡಿದು ಸಾಲಾಗಿ ಬರುತ್ತಾರೆ, ಸಾಲಾಗಿ ಹೋಗುತ್ತಾರೆ. "ಗೇಟು ಬಂತೇನೇ?" "ಬಂತು ರೀ, ತೆಗೀರಿ." ತೆರೆದ ಕಣ್ಣಲ್ಲಿ ಅವರವರ ಕೆಲಸಕ್ಕೆ ನಡೆಯುತ್ತಾರೆ.

ಬೇರೆ ಡಾಕ್ಟರುಗಳ ರೋಗಿಗಳು ಗೇಟು ದಾಟಿದ ಮೇಲೂ ಗೋಡೆ ತಡಕುತ್ತಲೇ ಇರುತ್ತಾರೆ. ಅವರ ಶಿಸ್ತನ್ನು ಸಮಿತಿ ವಿಶೇಷವಾಗಿ ಶ್ಲಾಘಿಸಿದೆ.