ಮುಂಜಾನೆಯೇ ಮುಗಿಸಿದ ಸೂರ್ಯಾಸ್ತ

ಎಲ್ಲಿಗೆ ಹೋದರೂ ಊರು ಕಣ್ಣು ಬಿಡುವ ಮೊದಲೇ ಹೋಗಿ ಮುಟ್ಟಬೇಕು ಎಂಬುದು ನಮ್ಮ ಮನೆತನದ ಪದ್ಧತಿ. ಗಾಣಗಾಪುರಕ್ಕೆ ಹೋದರೂ ಅಷ್ಟೇ, ತುಳಜಾಪುರಕ್ಕೆ ಹೋದರೂ ಅಷ್ಟೇ. ಪಾಳಿ ಬೆಳೆಯುವ ಮುಂಚೆ ದರ್ಶನ ಆಗಿರಬೇಕು, ಬಿಸಿಲು ಏರುವ ಮುಂಚೆ ಬುತ್ತಿ ಬಿಚ್ಚಿರಬೇಕು. ಪಾಳಿಯಲ್ಲಿ ನಿಂತು ದೇವರನ್ನು ಕಂಡವನನ್ನು ನಮ್ಮಪ್ಪ ಭಕ್ತ ಎನ್ನುತ್ತಿರಲಿಲ್ಲ, ಆಲಸಿ ಎನ್ನುತ್ತಿದ್ದ. ನಾನೂ ಅವನ ಕೈಯಲ್ಲೇ ಪಳಗಿದವನು. ದೇವರಿಲ್ಲದ ಊರಿಗೂ ಜನ ಹೋಗುತ್ತಾರೆ, ಹೋಗಿ ಸುಮ್ಮನೆ ನೋಡಿಕೊಂಡು ಬರುತ್ತಾರೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ತಿಳಿದ ಮೇಲೂ ಪದ್ಧತಿ ಬಿಡಲಿಲ್ಲ. ತೊಂದರೆ ಆದದ್ದು ಅಲ್ಲಿಯೇ.

ಆಳಂದದಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಗೇಟು, ಕಿಟಕಿಯ ಗ್ರಿಲ್ಲು, ಹಂಗಾಮಿನಲ್ಲಿ ಭೂಸನೂರ ಕಡೆಯಿಂದ ಬರುವ ಕಬ್ಬಿನ ಟ್ರಾಲಿಗಳ ರಿಪೇರಿ. ಆರನೇ ಇಯತ್ತೆಗೆ ಸಾಲೆ ಬಿಟ್ಟು ಕಬ್ಬಿಣ ಹಿಡಿದವನು, ಇನ್ನೂ ಕೆಳಗಿಟ್ಟಿಲ್ಲ. ಜಿಡಗಾ ದಾರಿಯಲ್ಲಿ ಯಾವ ಯಾವ ಮನೆಯ ಗೇಟು ನನ್ನ ಕೈಯದು ಎಂಬುದು ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಕೂತವರಿಗೆಲ್ಲ ಗೊತ್ತು. ಅವರು ಕೇಳಿರುವುದಿಲ್ಲ, ಆದರೂ ಗೊತ್ತಾಗುತ್ತದೆ. ರಜೆ ಎಂಬುದು ನನ್ನಲ್ಲಿ ಇಲ್ಲವೆಂದಲ್ಲ. ಅಮಾವಾಸ್ಯೆಗೆ ಅಂಗಡಿ ಮುಚ್ಚುತ್ತೇನೆ. ಮುಚ್ಚಿ, ಒಳಗೆ ಕೂತು ಹತ್ಯಾರುಗಳನ್ನು ಒರೆಸುತ್ತೇನೆ.

ಇಂಥವನ ಹೆಂಡತಿಗೆ ಮಹಾಬಳೇಶ್ವರದ ಹುಚ್ಚು ಹಿಡಿಸಿದವಳು ಅವಳ ತಂಗಿ ಸರೋಜಾ. ಜೇವರ್ಗಿಗೆ ಕೊಟ್ಟ ಹೆಣ್ಣು. ಒಮ್ಮೆ ಗಂಡನ ಜೊತೆ ಆ ಗುಡ್ಡದ ಊರಿಗೆ ಹೋಗಿ ಬಂದವಳು ಆಮೇಲೆ ಯಾರ ಮನೆಯ ಲಗ್ನದಲ್ಲಿ ಸಿಕ್ಕರೂ ಅದನ್ನೇ ಹೇಳುತ್ತಿದ್ದಳು.

“ಅಕ್ಕಾ, ಅಲ್ಲಿ ಹೊತ್ತು ಮುಣಗೋದು ನೋಡಬೇಕು ನೋಡು. ಗುಡ್ಡದ ಹಿಂದ ಹೋಗಂಗಿಲ್ಲ ಅದು, ಗುಡ್ಡದಾಗ ಇಳೀತದ.”

“ಯಾಕ, ನಮ್ಮ ಆಳಂದದಾಗ ಹೊತ್ತು ಮುಣಗಂಗಿಲ್ಲೇನು?” ಎಂದು ನಾನು ಕೇಳಿದೆ.

“ಮುಣಗತದ ಮಾಮಾ. ನೀವು ತಲಿ ಎತ್ತಿ ನೋಡೀರೇನು ಯಾವಾಗರ?”

ನನ್ನ ಹೆಂಡತಿ ಮಹಾದೇವಿ ತಂಗಿಯ ಮಾತನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. ಮನೆಗೆ ಬಂದ ಮೇಲೆ ರೊಟ್ಟಿ ಬಡಿಯುತ್ತಾ, “ಮಗಳ ಲಗ್ನಾನೂ ಆತು. ಒಮ್ಮಿ ಅದನ್ನ ತೋರಸ್ರಿ, ಮತ್ತೇನೂ ಕೇಳಂಗಿಲ್ಲ” ಅಂದಳು. ಮತ್ತೇನೂ ಕೇಳುವುದಿಲ್ಲ ಎಂದು ಹೆಂಡತಿ ಹೇಳಿದಾಗ ಕೇಳಿದ್ದನ್ನು ಕೊಟ್ಟುಬಿಡುವುದು ಒಳ್ಳೆಯದು. ಕಬ್ಬಿನ ಹಂಗಾಮು ಮುಗಿಯಲಿ ಎಂದು ಮಾತು ಕೊಟ್ಟೆ. ಬೇಸಿಗೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸೊಲ್ಲಾಪುರದ ಮೇಲಿಂದ ಬಸ್ಸು ಹಿಡಿದು ರಾತ್ರಿ ಮಹಾಬಳೇಶ್ವರದಲ್ಲಿ ಇಳಿದೆವು.

ಮರುದಿನ ಊರೆಲ್ಲ ಇನ್ನೂ ಮಂಜಿನಲ್ಲಿ ಮಲಗಿರುವಾಗಲೇ ಒಬ್ಬ ಜೀಪಿನವನನ್ನು ಎಬ್ಬಿಸಿದೆ. ಇಷ್ಟು ಬೇಗ ಯಾರೂ ಹೋಗುವುದಿಲ್ಲ ಕಾಕಾ ಎಂದು ಅವನು ಮರಾಠಿಯಲ್ಲಿ ಗೊಣಗಿದ. ಅದಕ್ಕೇ ನಾವು ಹೋಗುವುದು ಎಂದೆ. ಆ ಊರಿನಲ್ಲಿ ನೋಡುವ ಜಾಗಕ್ಕೆಲ್ಲ ಪಾಯಿಂಟ್ ಎನ್ನುತ್ತಾರೆ. ಪಾಯಿಂಟ್ ಎಂದರೆ, ದಾರಿ ಮುಗಿದಿರುತ್ತದೆ, ಅಡ್ಡ ಒಂದು ಕಬ್ಬಿಣದ ಕಟಕಟೆ ಇರುತ್ತದೆ, ಅದರಾಚೆ ಏನೂ ಇರುವುದಿಲ್ಲ. ಆ ಏನೂ ಇಲ್ಲದ್ದನ್ನು ಬಗ್ಗಿ ನೋಡಬೇಕು. ಮಹಾದೇವಿ ಚೀಲದಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬಂದಿದ್ದಳು. ಮೊದಲ ಪಾಯಿಂಟಿನಲ್ಲಿ ಅದನ್ನು ಹಿಡಿದುಕೊಂಡು ಎಲ್ಲಿ ಒಡೆಯಬೇಕೆಂದು ಸುತ್ತ ನೋಡಿ, ಮತ್ತೆ ಚೀಲಕ್ಕೆ ಹಾಕಿದಳು. ಅವಳು ಕಣಿವೆ ನೋಡಿದಳು, ನಾನು ಕಟಕಟೆ ಅಲುಗಾಡಿಸಿ ನೋಡಿದೆ. ಕೆಲವು ಕಡೆ ಬೆಸುಗೆ ಬಹಳ ಛಲೋ ಇತ್ತು. ನನ್ನದು ತೆಗೀರಿ ಎಂದು ಅವಳು ಕೊಟ್ಟ ಮೊಬೈಲಿನಲ್ಲಿ ಅಂಥ ಜಾಗದಲ್ಲೇ ನಿಲ್ಲಿಸಿ ಫೋಟೋ ತೆಗೆದೆ. ಫೋಟೋದಲ್ಲಿ ಬೆಸುಗೆ ಪೂರ್ತಿ ಬಂದಿದೆ, ಅವಳೂ ಸೊಂಟದವರೆಗೆ ಬಂದಿದ್ದಾಳೆ.

ಹೀಗೆ ಎಲ್ಲ ಮುಗಿಸುತ್ತಾ, ಬಿಸಿಲು ಏರುವ ಹೊತ್ತಿಗೆ ಸೂರ್ಯ ಮುಳುಗುವ ಪಾಯಿಂಟಿಗೂ ಹೋಗಿ ಮುಟ್ಟಿದೆವು. ನೋಡಲು ಬಂದವರು ಒಂದು ನರಪಿಳ್ಳೆಯೂ ಇರಲಿಲ್ಲ. ಚಹಾದವನೊಬ್ಬ ಅಂಗಡಿಯ ಮುಂದೆ ಕಸ ಹೊಡೆಯುತ್ತಿದ್ದ.

“ನೋಡು, ಒಬ್ಬರಿಲ್ಲ. ನಿನ್ನ ತಂಗಿ ಗದ್ದಲದಾಗ ನಿಂತು ನೋಡಿರಬೇಕು” ಎಂದೆ.

ಮಹಾದೇವಿ ಪಶ್ಚಿಮಕ್ಕೆ ಬೂದಿ ಬಣ್ಣದ ಗುಡ್ಡಗಳನ್ನು ನೋಡಿದಳು. ಸೂರ್ಯ ನಮ್ಮ ಬೆನ್ನು ಕಾಯಿಸುತ್ತಿದ್ದ. “ರೀ, ಇಲ್ಲೇನು ನೋಡೋದು?”

“ಜಾಗಾ ನೋಡು. ಆ ಎರಡು ಗುಡ್ಡದ ನಡುವ ಮುಣಗತಾನ. ತಿಳಕೊಂಡು ಬಿಡು, ಮುಗೀತು.”

ಅವಳು ಚೀಲ ಎತ್ತಿಕೊಂಡು ಜೀಪಿನ ಕಡೆ ನಡೆದಳು. ಒಪ್ಪಿದಳೆಂದು ನಾನು ತಿಳಿದೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸು ಬಂದು ನಿಂತಾಗ ನಾನು ಹತ್ತಿ ಸೀಟು ಹಿಡಿದೆ, ಅವಳು ಕೆಳಗೆ ಚೀಲದ ಮೇಲೆ ಕೂತಳು.

“ಏ, ಹತ್ತು ಬೇ. ಬಸ್ ಬಿಡಾಕತ್ತದ.”

“ನೀವು ಹೋಗ್ರಿ. ನಾ ಹೊತ್ತು ಮುಣಗಿಸಿ ಬರ್ತೇನಿ.”

“ಎಲ್ಲಾ ನೋಡಿದ್ವಲ್ಲ!”

“ಸರೋಜಾಗ ಏನು ಹೇಳ್ಲಿ? ಹೊತ್ತು ಮುಣಗೋ ಜಾಗಾದಾಗ ಚಾದವ ಕಸಾ ಹೊಡಿಯೋದು ನೋಡಿ ಬಂದ್ವಿ ಅಂತ ಹೇಳ್ಲಿ? ಆಕೀದು ಬಿಡ್ರಿ, ನನಗ ನಾ ಏನು ಹೇಳಿಕೊಳ್ಳಲಿ? ಇನ್ನೊಮ್ಮಿ ಕರಕೊಂಡು ಬರ್ತೀರೇನು ನೀವು?”

ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕಂಡಕ್ಟರ್ ಸೊಲ್ಲಾಪುರದ ಕನ್ನಡಿಗ. ಕೂತ ಮಂದಿಗೆಲ್ಲ ಕೇಳುವಂತೆ, “ಕಾಕಾ, ಇಳಿದುಬಿಡ್ರಿ. ಇದು ಗಂಟೆ ಹೊಡೆದ್ರ ಹೋಗೋ ಗಾಡಿ ಅಲ್ಲ” ಎಂದು ಕೆಳಗೆ ಕೂತವಳ ಕಡೆ ಕೈ ತೋರಿಸಿದ. ಇಳಿದೆ.

ಸಂಜೆಗೆ ಆ ಪಾಯಿಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಹಾದೇವಿ ಹೆಂಗಸರ ನಡುವೆ ನುಸುಳಿ ಎಲ್ಲರಿಗಿಂತ ಮುಂದೆ, ಕಟಕಟೆಗೆ ಎದೆ ಕೊಟ್ಟು ನಿಂತಳು. ಅವಳ ಹಿಂದೆ ಜನ, ಜನದ ಹಿಂದೆ ಜನ. ಎಲ್ಲರೂ ಮುಂದಕ್ಕೆ ವಾಲಿದಾಗ ಒಂದು ಕಂಬದ ಬುಡ ಮಿಸುಕಿದ್ದು ನನಗೆ ಕಂಡಿತು. ಬೇರೆಯವರಿಗೆ ಅದು ಕಾಣುವುದಿಲ್ಲ, ನನಗೆ ಅದೊಂದೇ ಕಾಣುತ್ತದೆ. ಸರೀರಿ, ಸರೀರಿ ಎಂದು ಮೊಣಕೈಯಿಂದ ದಾರಿ ಮಾಡಿಕೊಂಡು ಹೋಗಿ, ಮಹಾದೇವಿಯನ್ನು ಒಂದು ಹೆಜ್ಜೆ ಹಿಂದೆ ಸರಿಸಿ, ಅವಳ ಎದುರಿಗೆ ಸ್ವಲ್ಪ ಓರೆಯಾಗಿ ಜನದ ಕಡೆ ಮುಖ ಮಾಡಿ ಕಟಕಟೆಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಪೈಪು ಹಿಡಿದು ನಿಂತೆ. “ಹಿಂದ ಸರೀರಿ!” ಎಂದು ಕೂಗಿದೆ. ಮುಂದೆ ಹೋಗಿ ಅಡ್ಡ ನಿಂತಿದ್ದಕ್ಕೆ ಮಂದಿ ಮೂರು ಭಾಷೆಯಲ್ಲಿ ಬೈದರು.

ಆದ್ದರಿಂದ ಸೂರ್ಯ ನನ್ನ ಬೆನ್ನ ಹಿಂದೆ ಮುಳುಗಿದ. ನನ್ನ ಎದುರಿಗೆ ಇದ್ದದ್ದು ಮಹಾದೇವಿಯ ಮುಖ. ಕಾದ ಕಬ್ಬಿಣ ಆರುವ ಕ್ರಮವನ್ನು ನಾನು ದಿನವೂ ನೋಡುತ್ತೇನೆ. ಮೊದಲು ಹಳದಿ, ಆಮೇಲೆ ಕೇಸರಿ, ಆಮೇಲೆ ಇಟ್ಟಿಗೆ ಬಣ್ಣ. ಅದೇ ಕ್ರಮದಲ್ಲಿ ಅವಳ ಮುಖ ಆರುತ್ತಾ ಬಂತು. ಬಾಯಿ ಸ್ವಲ್ಪ ತೆರೆದಿತ್ತು. ಒಮ್ಮೆಯೂ ನನ್ನನ್ನು ನೋಡಲಿಲ್ಲ. ಪೈಪು ಹಿಡಿದ ನನ್ನ ಕೈಗಳು ಜೋಮು ಹಿಡಿದವು.

ಇಳಿದು ಬರುವಾಗ, “ನೋಡಿದ್ರಿಲ್ಲ?” ಎಂದು ಕೇಳಿದಳು.

“ನೋಡಿದೆ. ಛಲೋ ಇತ್ತು.”

“ಹೆಂಗಿತ್ತು?”

“ದುಂಡಗ, ಕೆಂಪಗ ಇತ್ತು.”

“ದುಂಡಗ ಎಲ್ಲಿತ್ರಿ? ಮೋಡ ಬಂದು ಅರ್ಧಾ ನುಂಗಿತ್ತಲ್ಲ!” ಎಂದವಳು ದಾರಿಯ ನಡುವೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬಂದವರನ್ನು ಕುದುರೆ ಸವಾರಿಗೆ ಕರೆಯುತ್ತಾ ನಿಂತಿದ್ದವನೊಬ್ಬ ತನ್ನನ್ನು ನೋಡಿ ನಕ್ಕಳೆಂದು ತಿಳಿದು ಸಲಾಮು ಹೊಡೆದ.

ಈಗ ಮನೆಗೆ ಯಾರು ಬಂದರೂ ಅವಳು ಹೊತ್ತು ಮುಣಗಿದ್ದನ್ನು ಹೇಳುತ್ತಾಳೆ. ಮೋಡ ಹೇಗೆ ಬಂತು, ಅದರ ಅಂಚು ಹೇಗೆ ಹೊತ್ತಿಕೊಂಡಿತು, ಕಡೆಗೆ ಉಗುರಿನಷ್ಟು ಉಳಿದದ್ದು ಹೇಗೆ ಗುಡ್ಡದಲ್ಲಿ ಇಳಿಯಿತು ಎಂದೆಲ್ಲ. ಪಕ್ಕದಲ್ಲಿ ಕೂತು ಹೌದು, ಹೌದು ಎನ್ನುವುದು ನನ್ನ ಕೆಲಸ. ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ. ಮೊನ್ನೆ ಇಜೇರಿಯಿಂದ ಗೇಟು ಮಾಡಿಸಲು ಬಂದ ಯಜಮಾನರೊಬ್ಬರು, ಗುಡ್ಡದ ಊರಿಗೆ ಹೋಗಿದ್ರಂತಲ್ಲ, ಹೆಂಗದ ಎಂದು ಕೇಳಿದರು. ಮೋಡದಿಂದ ಹಿಡಿದು ಉಗುರಿನವರೆಗೆ ಒಂದೂ ಬಿಡದೆ ಹೇಳಿದೆ. ಅವರು ಚಹಾ ಕುಡಿಯುವುದನ್ನೂ ಬಿಟ್ಟು ಕೇಳಿ, “ಖರೇನ ಕಣ್ಣಾರೆ ಕಂಡವರು ಹೇಳಿದ್ರ ಅದರ ಮಜಾನೇ ಬ್ಯಾರೆ ನೋಡ್ರಿ” ಅಂದರು.

ನಾನು ವೆಲ್ಡಿಂಗಿನ ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಕೂತೆ.