ತಪ್ಪಿನ ಸಪ್ಪಳ

ಕಸ್ತೂರೆವ್ವ ಅವತ್ತು ಮುಂಜಾನೆ ಆ ಒಂದು ಮಾತು ಆಡದೇ ಇದ್ದಿದ್ದರೆ ಕಲ್ಮೇಶ ತನ್ನ ಪಾಡಿಗೆ ತಾನು ಕೀಬೋರ್ಡ್ ಬಾರಿಸಿ ಮನೆಗೆ ಹೋಗುತ್ತಿದ್ದ. ಆದರೆ ಆಕೆ ತನ್ನ ಖಾನಾವಳಿಯ ಮುಂದೆ ನೀರು ಚಿಮುಕಿಸುತ್ತಾ, "ಏನ ಅನ್ನು ಕಲ್ಮೇಶಿ, ಶ್ರೀಶೈಲನ ಕೊಡದ ಸಪ್ಪಳ ಕೇಳಿದ್ರ ಕಿವಿ ತಂಪ ಆಗತಾವ ನೋಡು," ಎಂದುಬಿಟ್ಟಳು.

ಕಲ್ಮೇಶನ ಕಿವಿ ಮಾತ್ರ ಕಾದ ಹಂಚಾಯಿತು.

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದೆ ಕಲ್ಮೇಶನದು ಕಂಪ್ಯೂಟರ್ ಟೈಪಿಂಗ್ ಅಂಗಡಿ. ಮದುವೆ ಸೀಜನ್ನಿನಲ್ಲಿ ನಿಡಗುಂದಿಯಿಂದ ಮಸೂತಿಯವರೆಗೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುವವನೂ ಅವನೇ. ಎದುರಿಗೆ ಶ್ರೀಶೈಲನ ಮೊಬೈಲ್ ರಿಪೇರಿ ಅಂಗಡಿ. ಇಬ್ಬರೂ ಒಂದೇ ಸಾಲಿ, ಒಂದೇ ಬೆಂಚು. ಹೊಟ್ಟೆಕಿಚ್ಚು ಮಾತ್ರ ಒಬ್ಬನದೇ. ಶ್ರೀಶೈಲ ಹೊಸ ಬೋರ್ಡ್ ಹಾಕಿಸಿದರೆ ಕಲ್ಮೇಶನಿಗೆ ತನ್ನ ಬೋರ್ಡಿನ ತುಕ್ಕು ಕಾಣುತ್ತಿತ್ತು. ಹೋದ ವರ್ಷ ಶ್ರೀಶೈಲನಿಗೆ ಜ್ವರ ಬಂದಾಗ, ಅವನನ್ನು ನೋಡಲು ಬಾಳೆಹಣ್ಣು ಹಿಡಿದು ಬಂದವರ ಸಾಲು ನೋಡಿ ಕಲ್ಮೇಶ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ತನಗೆ ಅಂಥ ಜ್ವರ ಒಂದೂ ಬರುವುದಿಲ್ಲವಲ್ಲ ಎಂಬ ಸಂಕಟ ಪಾಪ.

ಈಗಿನ ಜಗಳದ ಮೂಲ ಹುಬ್ಬಳ್ಳಿಯದು. ಅಲ್ಲಿಯ ಒಂದು ಕಂಪನಿ ಸಾಲಿ ಮಕ್ಕಳಿಗಾಗಿ ಕನ್ನಡದ್ದೇ ಆಪರೇಟಿಂಗ್ ಸಿಸ್ಟಮ್ ಮಾಡುತ್ತಿತ್ತು. ಅದರೊಳಗಿನ ಸಪ್ಪಳಗಳೆಲ್ಲ ನಮ್ಮ ಕಡೆಯವೇ ಆಗಿರಬೇಕು ಎಂದು ಹಟ. ಕಂಪ್ಯೂಟರ್ ಚಾಲೂ ಆಗುವಾಗಿನ ಸಪ್ಪಳ ಇಂಡಿ ಊರಿನವರಿಗೆ ಹೋಗಿತ್ತು, ಬಂದ್ ಆಗುವಾಗಿನದು ಸಿಂದಗಿಯವರಿಗೆ, ಪತ್ರ ಬಂದಾಗಿನದು ಮುದ್ದೇಬಿಹಾಳದವರಿಗೆ. ಬಾಗೇವಾಡಿಯ ಪಾಲಿಗೆ ಉಳಿದದ್ದು ತಪ್ಪಿನ ಸಪ್ಪಳ. ಅಂದರೆ, ಕೂತವನು ಏನಾದರೂ ತಪ್ಪು ಮಾಡಿದಾಗ ಕಂಪ್ಯೂಟರ್ ಎಚ್ಚರಿಸುವ ಸಪ್ಪಳ. ಅದು ಮೊಳಗಿದಾಗಲೆಲ್ಲ ಪರದೆಯ ಮೇಲೆ ಅದನ್ನು ಕೊಟ್ಟವರ ಹೆಸರೂ ಮೂಡುತ್ತದೆ.

ಸಪ್ಪಳ ಕೊಡಲು ಮುಂದೆ ಬಂದವರು ಶ್ರೀಶೈಲ, ಕಲ್ಮೇಶ ಇಬ್ಬರೇ; ಉಳಿದವರು ಇದನ್ನು ಅವಮಾನ ಎಂದರು. ಕಲ್ಮೇಶ ಹಾಗೆನ್ನಲಿಲ್ಲ. "ಕಂಪ್ಯೂಟರ್ ದಿನಕ್ಕ ಒಮ್ಮೆ ಚಾಲೂ ಆಗತೈತಿ. ಮಂದಿ ತಪ್ಪು ದಿನಪೂರ್ತಿ ಮಾಡ್ತಾರ. ಯಾರ ಹೆಸರು ಹೆಚ್ಚು ಕಾಣತೈತಿ ಹೇಳು?" ಎಂದು ಹೆಂಡತಿಯನ್ನು ಕೇಳಿದ.

"ಏನರ ತಪ್ಪಾದ್ರ ಕೆಳಗ ನಿಮ್ಮ ಹೆಸರು," ಎಂದಳು ವಿದ್ಯಾವತಿ. "ಮನ್ಯಾಗಂತೂ ಮದಲಿಂದ ಹಂಗ ಐತ್ರಿ."

ಹಾಗೆಂದರೂ ಆಕೆ ತಂಗಡಗಿಯ ತವರಿಗೆ ಫೋನು ಮಾಡಿ ಹೇಳಿಬಿಟ್ಟಿದ್ದಳು. ಅತ್ತೆ ಅದನ್ನು ಹೊಳೆ ದಂಡೆಯ ತನಕ ಸಾರಿದ್ದಳು. ಇನ್ನು ಹೆಸರು ಬರದೇ ಹೋದರೆ ಕಲ್ಮೇಶ ತಂಗಡಗಿಗೆ ಮುಖ ತೋರಿಸುವಂತಿರಲಿಲ್ಲ. ಅದೂ ಶ್ರೀಶೈಲನ ಹೆಸರೇ ಬಂದರೆ ತನ್ನ ಸ್ವಂತ ಅಂಗಡಿಯಲ್ಲೇ ಕೂಡುವಂತಿರಲಿಲ್ಲ.

ಅವತ್ತೇ ಹುಬ್ಬಳ್ಳಿಯ ಕಂಪನಿಯಿಂದ ರಾಜೇಶ್ವರಿ ಮೇಡಮ್ ಮೈಕು ಹಿಡಿದು ಬಂದರು. ಧ್ವನಿ ಹಿಡಿಯಲು ಕಸ್ತೂರೆವ್ವನ ಖಾನಾವಳಿಯ ಹಿಂದಿನ ಕೋಣೆಯೇ ಪ್ರಶಸ್ತ ಎಂದಾಯಿತು. ಗೋಡೆಗುಂಟ ಜೋಳದ ಚೀಲ ಪೇರಿಸಿದ್ದರಿಂದ ಅಲ್ಲಿ ಮಾತಾಡಿದರೆ ಮಾತು ತಿರುಗಿ ಬರುತ್ತಿರಲಿಲ್ಲ. ಸಾಲ ಕೇಳಲು ಬಂದವರನ್ನು ಕಸ್ತೂರೆವ್ವ ಬೈಯುವುದೂ ಅಲ್ಲಿಯೇ.

ಮೊದಲು ಕಲ್ಮೇಶನ ಸರದಿ. ತಪ್ಪು ಮಾಡಿದವನು ಜನ್ಮದಲ್ಲಿ ಮರೆಯಬಾರದು ಎಂದು ಅವನು ಕೀಬೋರ್ಡಿನಲ್ಲಿ ಗುಡುಗಿನಿಂದ ಸುರು ಮಾಡಿ, ನಡುವೆ ನಗಾರಿ ಬಾರಿಸಿ, ಶಹನಾಯಿಯಲ್ಲಿ ಒಂದು ಸುತ್ತು ಅತ್ತ. ಮೇಡಮ್ ಗಡಿಯಾರ ನೋಡಿಕೊಂಡರು.

"ಸರ, ಸ್ವಲ್ಪ ಉದ್ದ ಆತಲ್ರಿ?"

"ತಡೀರಿ ಮೇಡಮ್, ಇನ್ನೂ ಹುಲಿ ಬರೋದೈತಿ."

ಹುಲಿ ಬಂತು. ಮೇಡಮ್ ಬೆವರು ಒರೆಸಿಕೊಂಡು, "ಆತ್ರಿ, ಮುಂದಿನವರನ್ನ ಕರೀರಿ," ಎಂದರು. ಶ್ರೀಶೈಲ ಒಂದು ಹಿತ್ತಾಳೆ ಕೊಡ, ಒಂದು ಕೀಲಿಕೈ ಹಿಡಿದು ಒಳಗೆ ಬಂದ. ಬರುವಾಗ ಪರೀಕ್ಷೆಗೆಂದು ಕೊಡಕ್ಕೆ ಒಮ್ಮೆ ತಾಗಿಸಿದ. ಠಣ್! ಮೇಡಮ್ ಮುಖದಲ್ಲಿ ನಗೆ ಅರಳಿತು. ಕಲ್ಮೇಶನಿಗೆ ಆ ನಗೆ ಸಹಿಸಲಾಗಲಿಲ್ಲ. ಗುಡುಗು, ನಗಾರಿ, ಶಹನಾಯಿ, ಹುಲಿ ಎಲ್ಲಾ ಸೇರಿ ದುಡಿದರೂ ಹುಟ್ಟದ ನಗೆ ಒಂದು ತಗ್ಗುಬಿದ್ದ ಕೊಡಕ್ಕೆ ಹುಟ್ಟಿತಲ್ಲ!

ಆಗಲೇ ಅವನ ತಲೆಗೆ ಬಂತು: ಶ್ರೀಶೈಲನಿಗೆ ಶಕುನದ ಹುಚ್ಚು. ಯಾರಾದರೂ ಒಂಟಿ ಸೀನು ಸೀನಿದರೆ ಅಂಗಡಿಯ ಬಾಗಿಲು ತೆರೆಯಲು ಹೋದವನು ತಿರುಗಿ ಬಂದು, ಕೂತು, ನೀರು ಕುಡಿದೇ ಹೋಗುವವನು. ಹಾಗೆ ನೋಡಿದರೆ ಬಾಗೇವಾಡಿಯಲ್ಲಿ ಹಾಗೆ ಮಾಡದವರು ಯಾರು? ಆದರೆ ಶ್ರೀಶೈಲನ ಕೈ ಆಮೇಲೂ ಒಂದು ತಾಸು ನಡುಗುತ್ತಿತ್ತು.

ಕಲ್ಮೇಶ ಕಸ್ತೂರೆವ್ವನ ಡಬ್ಬಿಯಿಂದ ಚಿಟಿಕೆ ಖಾರಪುಡಿ ಹಾರಿಸಿಕೊಂಡು ಹಿಂದಿನ ಸಂದಿಗೆ ಓಡಿದ. ಕೋಣೆಯ ಕಿಟಕಿಯ ಕೆಳಗೆ ಮುದುಡಿ ಕೂತ. ಒಳಗೆ ಶ್ರೀಶೈಲ, "ಬಾರಸ್ಲೇನ್ರಿ?" ಎಂದ. "ಹೂಂ," ಎಂದರು ಮೇಡಮ್. ಕಲ್ಮೇಶ ಖಾರಪುಡಿಯನ್ನು ಮೂಗಿಗೇರಿಸಿದ.

"ಹಾ... ಕ್ಷಿ!"

ಒಳಗೆ ಕೀಲಿಕೈ ಕೆಳಗಿಟ್ಟ ಸಪ್ಪಳವಾಯಿತು. ಆಮೇಲೆ ಶ್ರೀಶೈಲನ ದನಿ ಬಂತು: "ಒಂಟಿ ಸೀನು ಆತ್ರಿ ಮೇಡಮ್. ಒಂಚೂರು ಕೂಡ್ತೇನ್ರಿ." "ಕೂಡ್ರಿ, ಕೂಡ್ರಿ, ನೀರ ಕುಡೀರಿ," ಎಂದ ಮೇಡಮ್ಮೂ ಗಟಗಟ ನೀರು ಕುಡಿದದ್ದು ಕಿಟಕಿಯ ಆಚೆಗೆ ಕೇಳಿಸಿತು. ಬಳಿಕ ಶ್ರೀಶೈಲನ ಕೈಯಿಂದ ಠಣ್ ಎನ್ನುವ ಬದಲು ಠಪ್ ಎಂಬ ಸಪ್ಪಳ ಬಂತು.

ಕಲ್ಮೇಶ ಗೆದ್ದ ಪೈಲ್ವಾನನ ಹಾಗೆ ಕಾಸಿಂಸಾಬರ ಚಹಾದಂಗಡಿಗೆ ಹೋಗಿ ಇದ್ದಬದ್ದವರಿಗೆಲ್ಲ ಚಹಾ ಹೇಳಿದ. ಅವನ ಕಣ್ಣು ಮೂಗು ಎಲ್ಲಾ ಸೋರುತ್ತಿದ್ದವು.

"ಯಾಕೋ ತಮ್ಮಾ, ಕಣ್ಣಾಗ ನೀರು?" ಎಂದರು ಕಾಸಿಂಸಾಬ.

"ಖುಷೀಗೆ, ಚಾಚಾ," ಎಂದ ಕಲ್ಮೇಶ.

ಮಧ್ಯಾಹ್ನ ಪರೀಕ್ಷೆ. ಮೇಡಮ್ ಖಾನಾವಳಿಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ಹಿಡಿದ ಸಪ್ಪಳಗಳನ್ನೆಲ್ಲ ತುಂಡು ತುಂಡು ಮಾಡಿ ಅದರೊಳಗೆ ಹಾಕಿದ್ದರು. "ತಪ್ಪಾದಾಗ ಮನಷ್ಯಾ ಕೈ ತಗದು, ಪರದೆ ಮ್ಯಾಲೆ ಬರೆದದ್ದು ಓದಬೇಕ್ರಿ. ಆದ್ರ ಯಾರೂ ಓದಂಗಿಲ್ಲ, ಓಕೆ ಒತ್ತಿಬಿಡ್ತಾರ. ಯಾವ ಸಪ್ಪಳಕ್ಕ ಮಂದಿ ನಿಲ್ತಾರೋ ಅದ ಗೆದ್ದಂಗ," ಎಂದರು.

ಕಾಸಿಂಸಾಬ ಕೂತು ತಮ್ಮ ಹೆಸರನ್ನೇ ತಪ್ಪಾಗಿ ಒತ್ತಿದರು. ಕಲ್ಮೇಶನ ಗುಡುಗು ಗುಡುಗಿತು. ಅವರು ಮೋಡ ನೋಡಲು ಹೊರಗೆ ಹೋಗಿ, ಬಂದು, ಓಕೆ ಒತ್ತಿದರು. ಹುಲಿ ಗರ್ಜಿಸುವಾಗ ಇನ್ನೊಬ್ಬರು ನಕ್ಕು, ಓಕೆ ಒತ್ತಿದರು. ಶ್ರೀಶೈಲನ ಕೊಡ ಠಪ್ ಎಂದಾಗ ಕಸ್ತೂರೆವ್ವ, "ಯಾವಾಕಿ ಕೊಡ ಕೆಡವಿದಾಕಿ?" ಎಂದು ಅಡುಗೆಮನೆಗೆ ಓಡಿದಳು. ಕಲ್ಮೇಶನಿಗೆ ಅರ್ಧ ಸಮಾಧಾನ. ತಾನು ಗೆಲ್ಲದಿದ್ದರೂ ಚಿಂತಿಲ್ಲ, ಅವನು ಗೆಲ್ಲಬಾರದು ಎಂಬಷ್ಟಕ್ಕೆ ಅವನ ಆಸೆ ಇಳಿದಿತ್ತು.

"ಇನ್ನೊಂದೈತ್ರಿ," ಎಂದು ಮೇಡಮ್ ಕಸ್ತೂರೆವ್ವನನ್ನು ಕೂಡಿಸಿದರು. ಆಕೆ ಗುಂಡಿ ಒತ್ತಿದ್ದೇ ತಡ, ಕಂಪ್ಯೂಟರ್ "ಹಾ... ಕ್ಷಿ!" ಎಂದಿತು.

ಕಸ್ತೂರೆವ್ವ ಬೆಂಕಿ ತಾಗಿದವಳಂತೆ ಕೈ ಹಿಂದೆ ತೆಗೆದಳು. ರೊಟ್ಟಿ ತಿನ್ನುತ್ತಿದ್ದವರು ತುತ್ತು ಬಾಯಿ ಹತ್ತಿರವೇ ನಿಲ್ಲಿಸಿದರು. ಎದ್ದವರು ಕೂತರು. ಕಾಸಿಂಸಾಬ ಎಲ್ಲರಿಗೂ ನೀರು ಕೊಟ್ಟರು. ನೀರು ಕುಡಿದಾದ ಮೇಲೆ, ಬೇರೆ ಕೆಲಸವಿಲ್ಲದೆ, ಎಲ್ಲರೂ ಪರದೆಯ ಮೇಲೆ ಏನು ಬರೆದಿದೆ ಎಂದು ಓದಿದರು.

"ಓದಿದ್ರು! ಓದಿದ್ರು!" ಮೇಡಮ್ ಕುಣಿಯುವುದೊಂದು ಬಾಕಿ. "ಇದು ಶ್ರೀಶೈಲ ಅವರ ರೆಕಾರ್ಡಿಂಗಿನ್ಯಾಗಿಂದು!"

ಕಲ್ಮೇಶ ಎದ್ದು ಪರದೆಯ ಹತ್ತಿರ ಓಡಿದ.

ಶ್ರೀಶೈಲ ಸಭ್ಯ. "ನಾ ಸೀನಿಲ್ರಿ ಮೇಡಮ್. ಕಿಟಕಿ ಹೊರಗಿಂದ ಬಂತ್ರಿ," ಎಂದ.

ಕಲ್ಮೇಶ ಬಾಯಿ ತೆರೆದ. ಅಷ್ಟರಲ್ಲಿ ಕಸ್ತೂರೆವ್ವ ಪಕ್ಕದಲ್ಲಿದ್ದ ಉಳ್ಳಾಗಡ್ಡಿ ಹೆಚ್ಚುವ ಈಳಿಗೆ ಹಿಡಿದು ಎದ್ದು ನಿಂತಳು. "ಕಿಟಕಿ ಹೊರಗ? ಅಲ್ಲಿ ನಮ್ಮ ಬಚ್ಚಲ ಐತಿ! ಆಗ ನಮ್ಮ ಸೊಸಿ ತಲಿ ತೊಳ್ಕೊಳ್ಳಾಕತ್ತಿದ್ಲು. ಯಾವ ಭಾಡ್ಯಾ ನಿಂತಿದ್ದ ಅಲ್ಲಿ?"

ಕಲ್ಮೇಶ ಬಾಯಿ ಮುಚ್ಚಿದ. ಈಳಿಗೆ ಗುಂಪಿನ ಒಬ್ಬೊಬ್ಬರ ಮೇಲೂ ಸುತ್ತಿ ಬಂತು. ಯಾರೂ ಇರಲಿಲ್ಲ ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಹೇಳಿದವನು ಅವನೇ.

"ಹೊರಗ ಯಾರೂ ಇರಲಿಲ್ಲಂದ್ರ ಒಳಗಿನವರ ಸೀನಿರಬೇಕು," ಎಂದರು ಮೇಡಮ್. "ಒಳಗ ಇದ್ದವರು ನಾವಿಬ್ರು. ನಾ ಸೀನಿಲ್ಲ. ಗಾಬರ್ಯಾಗ ನಿಮಗ ನೆಪ್ಪ ಉಳಿದಿಲ್ರಿ, ಶ್ರೀಶೈಲ ಅವರ." ಅಷ್ಟು ಓದಿದವರು ಹೇಳಿದ ಮೇಲೆ ಇದ್ದರೂ ಇರಬಹುದು ಎಂದು ಶ್ರೀಶೈಲ ತಲೆ ತಗ್ಗಿಸಿದ. ಜನ ಚಪ್ಪಾಳೆ ಹೊಡೆದರು. ಯಾರೋ ಬಾಳೆಹಣ್ಣು ತಂದು ಅವನ ಕೈಗೆ ಕೊಟ್ಟರು.

ಬಾಳೆಹಣ್ಣು ನೋಡಿದ್ದೇ ಕಲ್ಮೇಶನಿಗೆ ತಡೆಯಲಾಗಲಿಲ್ಲ. "ಅದು ನನ್ನ ಸೀನು!" ಎಂದು ಕಿರುಚಿದ.

"ಅಂದ್ರ ಬಚ್ಚಲ ಸಂದ್ಯಾಗ ಇದ್ದಾವ ನೀನ ಏನು?" ಈಳಿಗೆ ಅವನ ಕಡೆ ತಿರುಗಿತು.

"ಇಲ್ಲಬೇ ಯವ್ವಾ! ನಾ ಚಾಚಾರ ಅಂಗಡಿ ಮುಂದ ಸೀನಿದ್ದೆ. ಅದು ಗಾಳೀಗೆ ಹಾರಿ ಬಂದಿರಬೇಕು!"

"ಹಾರಿ ಬರಾಕ ಅದೇನ್ ಗಾಳಿಪಟಾನೋ?" ಎಂದರು ಕಾಸಿಂಸಾಬ.

ಜನ ಬಿದ್ದು ಬಿದ್ದು ನಕ್ಕರು. ಮೇಡಮ್ ಮಾತ್ರ ನ್ಯಾಯವಂತೆ. "ಹಂಗಾದ್ರ ಒಮ್ಮೆ ಸೀನಿ ತೋರಸ್ರಿ. ಹೋಲಿಸಿ ನೋಡೂಣು," ಎಂದು ಮೈಕು ಹಿಡಿದರು.

ಕಲ್ಮೇಶ ಮೂಗು ಹಿಗ್ಗಿಸಿದ, ಕಣ್ಣು ಕಿರಿದು ಮಾಡಿದ, ಬಾಯಿ ಅಗಲಿಸಿ ಆಕಾಶ ನೋಡಿದ. ಸೀನಿನ ಸುಳಿವಿಲ್ಲ. ಸೂರ್ಯನನ್ನು ನೋಡಿದ, ಮೂಗಿಗೆ ದಾರ ಹಾಕಿದ. ಊಹುಂ. ಕೊನೆಗೆ ಎಲ್ಲರೆದುರೇ ಖಾರಪುಡಿ ಏರಿಸಿದ. ಒಂದು ಸೀನು ಬಂತು. ಅವನು ಸಂತೋಷದಿಂದ ಮೈಕಿನ ಕಡೆ ನೋಡುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು ಬಂತು.

"ಎರಡು ಸೀನು! ಶುಭ ಆತು," ಎಂದಳು ಕಸ್ತೂರೆವ್ವ. "ಶ್ರೀಶೈಲಗ ಹರಸಿದಂಗಾತು ಬಿಡು."

ಜೋಡಿ ಸೀನಿಗೆ ಯಾರೂ ಕೈ ತೆಗೆಯಲಿಲ್ಲ, ಯಾರೂ ಕೂಡಲಿಲ್ಲ. ಹೋಲಿಕೆಯಿಲ್ಲ ಎಂದು ಮೇಡಮ್ ಮೈಕು ಸುತ್ತಿಟ್ಟರು. ಶ್ರೀಶೈಲನ ಹೆಸರು ಪಕ್ಕಾ ಆಯಿತು. ಸೋತವನಿಗೂ ಇರಲಿ ಎಂದು ಕಲ್ಮೇಶನ ಅಂಗಡಿಯ ಕಂಪ್ಯೂಟರಿಗೂ ಆ ಸಿಸ್ಟಮ್ ಹಾಕಿಕೊಟ್ಟು ಕಾರಿನ ಕಡೆ ನಡೆದರು. ಒಂದು ಕಾಲು ಕಾರಿನೊಳಗೆ ಇಟ್ಟಿದ್ದರೋ ಇಲ್ಲವೋ, ಗುಂಪಿನ ನಡುವೆ ನಿಂತ ಕಲ್ಮೇಶನ ಮೂಗಿನಲ್ಲಿ ಎಲ್ಲೋ ಅಡಗಿ ಕೂತಿದ್ದ ಒಂದು ಖಾರದ ಕಣ ಎದ್ದಿತು.

"ಹಾ... ಕ್ಷಿ!"

ಒಂದೇ. ಥೇಟ್ ಅದೇ.

ಮೇಡಮ್ಮರ ಕಾಲು ಹೊರಗೆ ಬಂತು. ಡ್ರೈವರ್ ಇಂಜಿನ್ ಬಂದ್ ಮಾಡಿದ. ಜನವೆಲ್ಲ ಕಟ್ಟೆಯ ಮೇಲೆ ಕೂತರು. ಕಾಸಿಂಸಾಬ ಮತ್ತೆ ನೀರು ಹಂಚಿದರು.

"ಕೇಳಿದ್ರಿ? ಕೇಳಿದ್ರಿಲ್ಲ? ಅದ ಸೀನು!" ಕಲ್ಮೇಶ ಎದೆ ಬಡಿದುಕೊಂಡ.

"ಕೇಳಿದ್ವಿ," ಎಂದರು ಮೇಡಮ್, ನೀರು ಕುಡಿದು. "ಶ್ರೀಶೈಲ ಅವರ, ನಿಮ್ಮ ಸಪ್ಪಳ ಇನ್ನೂ ಸಾಲಿ ಮುಟ್ಟಿಲ್ಲ, ಆಗಲೇ ನಕಲು ಸುರು ಆತು ನೋಡ್ರಿ."

"ಎಂಥಾ ಹೊಟ್ಟಿಕಿಚ್ಚೋ ನಿಂದು!" ಕಸ್ತೂರೆವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಮಂದಿ ಸೀನೂ ಬಿಡಂಗಿಲ್ಲಲ್ಲೋ ಕಲ್ಮೇಶಿ?"

ಶ್ರೀಶೈಲ ದೊಡ್ಡ ಮನಸ್ಸಿನಿಂದ ಅವನ ಹೆಗಲ ಮೇಲೆ ಕೈ ಹಾಕಿದ. "ಇರಲಿ ಬಿಡ್ರಿ, ನನ್ನ ದೋಸ್ತ. ಸೀನ್ಲಿ ಪಾಪ," ಎಂದು ಒಂದು ಬಾಳೆಹಣ್ಣು ಕೊಟ್ಟ.

ಸಂಜೆ ವಿದ್ಯಾವತಿ ಅಂಗಡಿಗೆ ಬಂದಳು. ಕಲ್ಮೇಶ ಆಕೆಗೆ ಮುಖ ಕೊಡದೆ ಯಾರದೋ ಅರ್ಜಿ ಟೈಪು ಮಾಡುತ್ತಿದ್ದ. ಮನಸ್ಸು ಎಲ್ಲೋ ಇತ್ತು, ಬೆರಳು ಎಲ್ಲೋ ಬಿತ್ತು. ಕಂಪ್ಯೂಟರ್ "ಹಾ... ಕ್ಷಿ!" ಎಂದಿತು. ಪರದೆಯ ಮೇಲೆ "ಧ್ವನಿ: ಶ್ರೀಶೈಲ, ಬಸವನ ಬಾಗೇವಾಡಿ" ಎಂದು ಮೂಡಿತು. ಬೇಡ ಬೇಡವೆಂದರೂ ಕಲ್ಮೇಶನ ಕೈ ತಾನಾಗಿಯೇ ಹಿಂದೆ ಸರಿಯಿತು.

ವಿದ್ಯಾವತಿ ತಂಬಿಗೆಯಲ್ಲಿ ನೀರು ತಂದುಕೊಟ್ಟು, ಪರದೆಯನ್ನು ಮೆಚ್ಚುಗೆಯಿಂದ ನೋಡಿದಳು.

"ಅಂತೂ ಶ್ರೀಶೈಲಣ್ಣಾರು ಭಾಳ ಛಲೋ ಸೀನ್ಯಾರ್ರಿ. ನೀವೂ ಸೀನ್ತೀರಿ, ಮನಿ ಮಂದೆಲ್ಲಾ ಬೆಚ್ಚಿ ಬೀಳೂ ಹಂಗ. ಸೀನಿದ್ರ ಹಿಂಗ ಸೀನಬೇಕ ನೋಡ್ರಿ."

ಕಲ್ಮೇಶ ನೀರು ಕುಡಿದ.