ತಗೋರಿ, ನಮ್ಮ ಪ್ಯಾದಿ!

ನಮ್ಮ ಮನೆಯವರಷ್ಟು ಸಂತೋಷದಿಂದ ಸೋಲುವ ಗಂಡಸು ಹುಮನಾಬಾದ ತಾಲೂಕಿನಲ್ಲೇ ಇಲ್ಲ! ಚದುರಂಗಕ್ಕೆ ಕೂತರೆ ಸಾಕು, ಎರಡನೇ ನಡೆಗೇ ಒಂಟೆಯ ಮುಂದಿನ ಕಾಲಾಳು ಪ್ಯಾದೆಯನ್ನು ಎದುರಾಳಿಯ ಬಾಯಿಗೆ ಇಡುತ್ತಾರೆ. ಇದಕ್ಕೆ ಗ್ಯಾಂಬಿಟ್ ಅನ್ನುತ್ತಾರಂತೆ. ಪುಕ್ಕಟೆ ಪ್ಯಾದೆ ತಿಂದು ಎದುರಾಳಿ ಮೈಮರೆತಿರುವಾಗ ಇವರ ದಂಡು ಅವನ ರಾಜನ ಮೇಲೆ ಏರಿ ಹೋಗಬೇಕು. ಹತ್ತರಲ್ಲಿ ಎಂಟು ಸಲ ದಂಡು ದಾರಿಯಲ್ಲೇ ಸಾಯುತ್ತದೆ, ಆ ಮಾತು ಬೇರೆ.

ಕೊಟ್ಟ ಪ್ಯಾದೆಯನ್ನು ಯಾರಾದರೂ ತಿನ್ನದಿದ್ದರೋ? ಮನೆಗೆ ಬಂದವರು ಚಹಾ ಮುಟ್ಟದೆ ಎದ್ದು ಹೋದಂತೆ ಇವರು ಮುಖ ಸಣ್ಣದು ಮಾಡುತ್ತಾರೆ. ದುಬಲಗುಂಡಿಯ ಮಾಸ್ತರರೊಬ್ಬರು ಇವರ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಲು ಬಂದು ಆಟಕ್ಕೆ ಕೂತರು. ಪ್ಯಾದೆ ಮುಟ್ಟಲಿಲ್ಲ.

"ಯಾಕ್ರಿ ಸರ, ನಮ್ಮ ಪ್ಯಾದಿ ನಡ್ಯಾಂಗಿಲ್ಲೇನ್ರಿ?"

"ಅಲ್ಲಪಾ, ಇದು ಆಟ ಅದ!"

"ಆಟ ಇದ್ರೇನಾತ್ರಿ? ಪ್ರೀತಿಲೆ ಕೊಡಾಕತ್ತೇನಿ, ತಗೋರಿ!"

ಮಾಸ್ತರರು ತಿಂದರು, ಗೆದ್ದರು. ಇವರು ಖುಷಿಯಿಂದ ಚಹಾ ತರಿಸಿದರು.

ಇಂಥವರು ತೊಂಬತ್ತರ ದಶಕದಲ್ಲಿ ನನ್ನನ್ನು ನೋಡಲು ಬಸವಕಲ್ಯಾಣಕ್ಕೆ ಬಂದರು. ಅದಕ್ಕೂ ಮೊದಲು ನನ್ನ ಎರಡು ಸಂಬಂಧಗಳು ಕೊಡುವ-ತಗೊಳ್ಳುವ ಮಾತಿಗೇ ಮುರಿದಿದ್ದವು. ಇದೂ ತಪ್ಪಿದರೆ ಏನು ಗತಿ ಎಂದು ಅವ್ವ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ವರ ಮಹಾಶಯರು ನನ್ನನ್ನು ನೋಡಿದರೇ? ಮೂಲೆಯಲ್ಲಿದ್ದ ಅಪ್ಪನ ಚದುರಂಗದ ಹಲಗೆ ನೋಡಿದರು!

"ಒಂದ ಬಾಜಿ ಆಗ್ಲಿರಿ, ಮಾವಾ?"

ಇನ್ನೂ ಏನೂ ನಿಶ್ಚಯವಾಗಿಲ್ಲ, ಆಗಲೇ ಮಾವ! ಅಪ್ಪ ಪ್ಯಾದೆ ತಿಂದರು, ಕುದುರೆ ತಿಂದರು, ಒಂಟೆ ತಿಂದರು. ತಟ್ಟೆಯಲ್ಲಿದ್ದ ಶಿರಾ ತಿನ್ನುವುದನ್ನು ಮಾತ್ರ ಮರೆತರು. ಬಾಗಿಲ ಹಿಂದೆ ನಿಂತ ನನಗೆ, ಇದ್ದದ್ದೆಲ್ಲ ಕೊಟ್ಟು ಮನೆ ಬರಿದು ಮಾಡುವವನೇ ಸಿಕ್ಕನಲ್ಲ ಅನ್ನಿಸಿತು.

ಅಷ್ಟರಲ್ಲಿ ವರನ ಕಾಕಾ ಕೆಮ್ಮಿ ಮಾತು ತೆಗೆದರು. "ಐದು ತೊಲಿ ಬಂಗಾರ, ಒಂದು ಗಾಡಿ..."

ಅಪ್ಪನ ಕೈ ಹಲಗೆಯ ಮೇಲೆ ಹಾಗೇ ನಿಂತುಬಿಟ್ಟಿತು.

ಇವರು ತಲೆ ಎತ್ತದೆಯೇ ಅಂದರು: "ಕಾಕಾ, ಸುಮ್ಮ ಕುಂದರ್ರಿ. ನಮಗ ಏನೂ ಬ್ಯಾಡ."

"ಏನೂ ಬ್ಯಾಡಂದ್ರ ಹ್ಯಾಂಗೋ?"

"ಹುಡುಗೀಗಿ ನಾ ಪಸಂದ ಬಂದ್ರ ಸಾಕ್ರಿ. ಮಾವಾ, ನಿಮ್ಮ ನಡಿ ಅದ."

ಅಪ್ಪನಿಗೆ ನಡೆ ಕಾಣಲಿಲ್ಲ, ಕಣ್ಣು ತುಂಬಿದ್ದವು. ಗೆಲ್ಲುವ ಆಟವನ್ನು ಬಿಟ್ಟು ಎದ್ದು ಒಳಗೆ ಬಂದರು. "ಪಸಂದ ಅದಾನೇನವ್ವಾ?" ಎಂದು ಕೇಳಿದರು. ಎರಡು ಸಂಬಂಧ ಬಂದು ಹೋದರೂ ಅದುವರೆಗೆ ನನ್ನನ್ನು ಯಾರೂ ಈ ಮಾತು ಕೇಳಿರಲಿಲ್ಲ. ನಾನು ಅಪ್ಪನ ಎದೆಗೆ ಮುಖ ಒತ್ತಿ ಅಳುತ್ತಲೇ ಹೌದೆಂದೆ.